ಸೀಕ್ವೆಲ್ ತನ್ನನ್ನೇ ಆಡಿಕೊಂಡರೆ ಹೊಸದಾಗಿಬಿಡುತ್ತಾ?

ಸೀಕ್ವೆಲ್‌ನಲ್ಲೇ ಒಂದು ಪಾತ್ರ ಎದ್ದು ನಿಂತು "ಈ ಸೀಕ್ವೆಲ್‌ಗಳೆಲ್ಲ ದಂಡ ಕಣ್ರೋ" ಅನ್ನುತ್ತೆ. ಥಿಯೇಟರ್‌ಗೆ ಥಿಯೇಟರೇ ನಗುತ್ತೆ. ನಗಲಿ, ನನ್ನ ತಕರಾರು ಅದರ ಮೇಲಲ್ಲ. ಆ ಡೈಲಾಗ್ ಆದ ಮೇಲೆ ಕಥೆಯಲ್ಲಿ ಏನು ಬದಲಾಯ್ತು ಅನ್ನೋದು ನನ್ನ ಪ್ರಶ್ನೆ. ಏನೂ ಬದಲಾಗಲಿಲ್ಲ ಅಂದ್ರೆ ಅದು ಜಾಣತನ ಅಲ್ಲ, ಚಿತ್ರತಂಡ ತೆಗೆದುಕೊಂಡ ನಿರೀಕ್ಷಣಾ ಜಾಮೀನು.

ಮೊದಲೇ ಹೇಳಿಬಿಡ್ತೀನಿ, ಸ್ಪಾಯ್ಲರ್ (ಕಥೆಯ ಗುಟ್ಟು ಬಿಟ್ಟುಕೊಡೋ ಮಾತು) ಬೇಕಾದಷ್ಟಿದೆ.

1996ರ ಹಾರರ್ ಚಿತ್ರ 'ಸ್ಕ್ರೀಮ್' ತಗೊಳ್ಳಿ. ನಿರ್ದೇಶನ ವೆಸ್ ಕ್ರೇವನ್, ಬರೆದವರು ಕೆವಿನ್ ವಿಲಿಯಮ್ಸನ್. ಶುರುವಿನಲ್ಲೇ ಕೊಲೆಗಾರ ಫೋನ್ ಮಾಡಿ ಹುಡುಗಿಗೆ ಕ್ವಿಜ್ ಇಡ್ತಾನೆ: ಹಳೇ ಹಾರರ್ ಚಿತ್ರ 'ಫ್ರೈಡೇ ದಿ ಥರ್ಟೀನ್ತ್'ನಲ್ಲಿ ಕೊಲೆಗಾರ ಯಾರು? ಅವಳು ಜೇಸನ್ ಅಂತಾಳೆ. ತಪ್ಪು. ಮೊದಲ ಭಾಗದಲ್ಲಿ ಕೊಂದಿದ್ದು ಅವನ ತಾಯಿ, ಜೇಸನ್ ಬರೋದು ಎರಡನೇ ಭಾಗಕ್ಕೆ. ಆ ಒಂದು ತಪ್ಪು ಉತ್ತರಕ್ಕೆ ಅವಳ ಬಾಯ್‌ಫ್ರೆಂಡ್ ಪ್ರಾಣ ಹೋಗುತ್ತೆ. ಸಿನಿಮಾ ಜ್ಞಾನ ಇಲ್ಲಿ ಅಲಂಕಾರಕ್ಕಿಲ್ಲ, ಜೀವ ತೆಗೆಯೋಕಿದೆ.

ಅದೇ ಚಿತ್ರದ ಕೊನೆಯ ಪಾರ್ಟಿ ದೃಶ್ಯ ಇನ್ನೂ ಮೇಲು. ರ್‍ಯಾಂಡಿ ಅನ್ನೋ ಹಾರರ್ ಸಿನಿಮಾ ಹುಚ್ಚಿನ ಹುಡುಗ ಒಬ್ಬನೇ ಸೋಫಾ ಮೇಲೆ ಕೂತು ಇನ್ನೊಂದು ಹಾರರ್ ಚಿತ್ರ 'ಹ್ಯಾಲೋವೀನ್' ನೋಡ್ತಾ, ಟಿವಿಯಲ್ಲಿರೋ ಅದರ ನಾಯಕಿ ಜೇಮಿ ಲೀ ಕರ್ಟಿಸ್‌ಗೆ "ಜೇಮಿ, ಹಿಂದೆ ತಿರುಗು" ಅಂತ ಕೂಗ್ತಿದ್ದಾನೆ. ಅವನ ಬೆನ್ನ ಹಿಂದೆಯೇ ಕೊಲೆಗಾರ. (ರ್‍ಯಾಂಡಿ ಪಾತ್ರ ಮಾಡಿದ ನಟನ ಹೆಸರೂ ಜೇಮಿ!) ಹೊರಗೆ ವ್ಯಾನ್‌ನಲ್ಲಿ ಟಿವಿ ವರದಿಗಾರ್ತಿ ಗೇಲ್‌ಳ ಕ್ಯಾಮೆರಾಮನ್, ಮನೆಯೊಳಗೆ ಬಚ್ಚಿಟ್ಟ ಕ್ಯಾಮೆರಾ ಮೂಲಕ ಇದನ್ನ ಮಾನಿಟರ್‌ನಲ್ಲಿ ನೋಡಿ ಅವನೂ ಕೂಗ್ತಾನೆ. ಆಮೇಲೆ ನೆನಪಾಗುತ್ತೆ, ಕ್ಯಾಮೆರಾದಿಂದ ಬರೋ ಚಿತ್ರ 30 ಸೆಕೆಂಡ್ ತಡ. ಅಷ್ಟರಲ್ಲಿ ಕೊಲೆಗಾರ ವ್ಯಾನ್ ಬಾಗಿಲಿಗೇ ಬಂದಾಗಿದೆ. ನೋಡುಗರು ಪರದೆಗೆ ಕೂಗೋ ಅಭ್ಯಾಸವನ್ನೇ ಬಲೆ ಮಾಡಿದ್ದಾರೆ. ಇದರಲ್ಲಿ ಜೋಕ್ ಕಿತ್ತರೆ ದೃಶ್ಯವೇ ಉಳಿಯಲ್ಲ. ಒಳ್ಳೇ ಮೆಟಾ ಬರವಣಿಗೆಗೆ, ಅಂದ್ರೆ ಸಿನಿಮಾ ತನ್ನ ಬಗ್ಗೆ ತಾನೇ ಮಾತಾಡೋ ಬರವಣಿಗೆಗೆ, ನನ್ನ ಅಳತೆಗೋಲು ಇಷ್ಟೇ.

1997ರ ಎರಡನೇ ಭಾಗದಲ್ಲಿ ಇದೇ ರ್‍ಯಾಂಡಿ ಸೀಕ್ವೆಲ್‌ಗಳ ನಿಯಮ ಹೇಳ್ತಾನೆ: ಹೆಣ ಜಾಸ್ತಿ, ರಕ್ತ ಜಾಸ್ತಿ. ಆಮೇಲೆ ಕಾಲೇಜ್ ಕ್ಯಾಂಪಸ್‌ನಲ್ಲಿ, ಹಾಡಹಗಲೇ, ಅವನನ್ನೇ ಮುಗಿಸ್ತಾರೆ. ನಿಯಮ ಗೊತ್ತಿದ್ದವನಿಗೂ ರಿಯಾಯಿತಿ ಇಲ್ಲ.

ಕೆಡೋದು ಎಲ್ಲಿ? 2011ರ ನಾಲ್ಕನೇ ಭಾಗದ ಆರಂಭ ನೋಡಿ. ಒಂದು ಕೊಲೆ ಆಗುತ್ತೆ, ಅದು ಸಿನಿಮಾದೊಳಗಿನ ಸಿನಿಮಾ. ಇನ್ನೊಂದಾಗುತ್ತೆ, ಅದೂ ಸಿನಿಮಾನೇ. ಮೂರನೆಯದು ನಿಜ. ಆದರೆ ಎರಡು ಸಲ ಏಮಾರಿದ ನಾವು ಮೂರನೇ ಸಲ ಸಾಯೋ ಹುಡುಗಿಯರಿಗೆ ಮರುಗೋ ಸ್ಥಿತಿಯಲ್ಲೇ ಇಲ್ಲ, "ಇದೂ ಸುಳ್ಳಿರಬೇಕು" ಅಂತ ಕಾಯ್ತಿರ್ತೀವಿ. ನಗು ಸಿಕ್ತು, ಭಯ ಹೋಯ್ತು. ಹಾರರ್ ಚಿತ್ರಕ್ಕೆ ಇದು ನಷ್ಟದ ಬಾಬತ್ತು. ಆ ಚಿತ್ರದಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಬದುಕುಳಿದ ಸಂತ್ರಸ್ತೆ ಅನ್ನೋ ಖ್ಯಾತಿಗೋಸ್ಕರವೇ ಕೊಲ್ಲೋ ಉದ್ದೇಶ. ಅದಕ್ಕೆ ಹಳೇ ಸಿನಿಮಾದ ಜ್ಞಾನವೇ ಬೇಡ.

2023ರ ಆರನೇ ಭಾಗದ್ದು ಇನ್ನೂ ಸಿಟ್ಟು ಬರಿಸೋ ವಿಷಯ. ಫ್ರ್ಯಾಂಚೈಸ್ (ಭಾಗದ ಮೇಲೆ ಭಾಗ ಬರೋ ಸರಣಿ) ಅಂದಮೇಲೆ ಯಾರೂ ಸುರಕ್ಷಿತರಲ್ಲ, ಹಳಬರಂತೂ ಮೊದಲು ಹೋಗ್ತಾರೆ ಅಂತ ಸಿನಿಮಾ ಹುಚ್ಚಿ ಮಿಂಡಿ ಭಾಷಣ ಬಿಗೀತಾಳೆ. ಸರಿ ಅಂತ ನಾವು ಬಿಗಿಹಿಡಿದು ಕೂರ್ತೀವಿ. ಮಿಂಡಿಗೆ ಇರಿತ, ಬದುಕ್ತಾಳೆ. ಗೇಲ್‌ಗೆ ಇರಿತ, ಬದುಕ್ತಾಳೆ. ಮಿಂಡಿಯ ಅವಳಿ ಸೋದರ ಚಾಡ್‌ನ ಇಬ್ಬರು ಸೇರಿ ಇರೀತಾರೆ, ಅವನೂ ಸ್ಟ್ರೆಚರ್ ಮೇಲೆ ಜೀವಂತ! ಮುಂದಿನ ಭಾಗಕ್ಕೆ ಮುಖಗಳು ಬೇಕು ಅನ್ನೋ ಲೆಕ್ಕಾಚಾರ ಕಣ್ಣಿಗೆ ಹೊಡೆಯುತ್ತೆ. ನಿಯಮ ಹೇಳದೇ ಇದ್ದಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ.

'ಫಾಸ್ಟ್ ಅಂಡ್ ಫ್ಯೂರಿಯಸ್' ಬಳಗದ್ದೂ ಇದೇ ಕಥೆ. 2001ರಲ್ಲಿ ಬೀದಿ ರೇಸ್‌ನಿಂದ ಶುರುವಾದ ಸರಣಿ 2011ರ 'ಫಾಸ್ಟ್ ಫೈವ್'ನಲ್ಲಿ ದರೋಡೆ ಚಿತ್ರವಾಯ್ತು. ನಿಜವಾದ ಬದಲಾವಣೆ, ಯಾವ ಪಾತ್ರವೂ ಅದರ ಬಗ್ಗೆ ಉಪನ್ಯಾಸ ಕೊಡಲಿಲ್ಲ. 2021ರ 'ಎಫ್9' ಹೊತ್ತಿಗೆ ತಂಡದವನೇ ಆದ ರೋಮನ್ ಬಾಯಲ್ಲೇ "ನಮಗೆ ಸಾವೇ ಇಲ್ವಾ?" ಅನ್ನೋ ಅನುಮಾನ ಬರುತ್ತೆ. ನಮ್ಮ ಪ್ರಶ್ನೆಯನ್ನ ಅವನೇ ಕೇಳಿದ. ಉತ್ತರ? ಅವನನ್ನ ಕಾರಿನಲ್ಲಿ ಕೂರಿಸಿ ಅಂತರಿಕ್ಷಕ್ಕೆ ಕಳಿಸಿ, ಸುರಕ್ಷಿತವಾಗಿ ವಾಪಸ್ ಕರ್ಕೊಂಡು ಬಂದರು.

ಪೂರ್ತಿ ಹಾಸ್ಯಚಿತ್ರಗಳ ಮಾತು ಬೇರೆ, ಅಲ್ಲಿ ಭಯದ ಬಂಡವಾಳ ಇರಲ್ಲ. ಆದರೂ 2014ರ '22 ಜಂಪ್ ಸ್ಟ್ರೀಟ್' ಕೊನೆಯ ಟೈಟಲ್‌ಗಳಲ್ಲಿ ಮುಂದಿನ ಸೀಕ್ವೆಲ್‌ಗಳನ್ನೆಲ್ಲ ಸಾಲಾಗಿ ಅಣಕಿಸಿಬಿಟ್ಟಿತು. ಮೂರನೆಯದನ್ನ ಇನ್ನು ಯಾವ ಮುಖ ಇಟ್ಕೊಂಡು ತೆಗೀತಾರೆ?

ಹಳೇ ಸರಣಿ ತನ್ನ ಬಗ್ಗೆ ಒಂದೇ ಒಂದು ಜೋಕ್ ಮಾಡಿ ಗೆದ್ದ ಉದಾಹರಣೆ ಬೇಕಾ? ಜೇಮ್ಸ್ ಬಾಂಡ್ ಸರಣಿಯ 2006ರ 'ಕ್ಯಾಸಿನೊ ರಾಯಲ್'. 2002ರ ಚಿತ್ರದಲ್ಲಿ ಬಾಂಡ್‌ಗೆ ಕಣ್ಣಿಗೆ ಕಾಣದ ಕಾರ್ ಕೊಟ್ಟು ಗೇಲಿಗೆ ಗುರಿಯಾಗಿದ್ದರು. ಇಲ್ಲಿ ಮಾರ್ಟಿನಿ ಅನ್ನೋ ಮದ್ಯವನ್ನ ಅಲುಗಾಡಿಸಲಾ, ಕಲಕಲಾ ಅಂತ ಬಾರ್‌ಟೆಂಡರ್ ಕೇಳ್ತಾನೆ. "ಅಲುಗಾಡಿಸಿ, ಕಲಕಬೇಡಿ" ಅನ್ನೋ ದಶಕಗಳ ಡೈಲಾಗ್‌ಗೆ ಕಾಯ್ತಿರೋ ನಮಗೆ ಬಾಂಡ್ ಸಿಡುಕಿನ ಉತ್ತರ: ಯಾವುದಾದರೇನು! ಯಾಕೆ ಅಷ್ಟು ಸಿಡುಕು? ಪೋಕರ್ ಟೇಬಲ್‌ನಲ್ಲಿ ಸರ್ಕಾರದ ದುಡ್ಡನ್ನೆಲ್ಲ ಆಗತಾನೇ ಕಳಕೊಂಡು ಬಂದಿದ್ದಾನೆ. ಹಿಂದಿನ ಒಂದು ಬಾಂಡ್ ಚಿತ್ರವನ್ನೂ ನೋಡದವನಿಗೂ ಅವನ ಹತಾಶೆ ಅರ್ಥ ಆಗುತ್ತೆ, ನೋಡಿದವರಿಗೆ ಅದರ ಮೇಲೊಂದು ನಗು.