ಅಂತಃಕರಣಕ್ಕೆ ಅಂಕ ಕೊಡಬೇಕಾದವರು ಯಾರು?

ನಮಸ್ಕಾರ. ನಮ್ಮ ರಾಯಚೂರು ಸೀಮೆಯಲ್ಲಿ ಒಬ್ಬರನ್ನು ಮನಸಾರೆ ಮೆಚ್ಚಿಕೊಂಡರೆ "ಅವರಿಗೆ ಅಂತಃಕರಣ ಭಾಳ ಅದ" ಎನ್ನುತ್ತಾರೆ. ಪರರ ನೋವನ್ನು ಅರಿಯುವ ಗುಣ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಎಂಬುದನ್ನು ಈ ಮಾತೇ ಒಪ್ಪಿಕೊಂಡಿದೆ. ಮನೋವಿಜ್ಞಾನಿಗಳು ಆ ಹೆಚ್ಚುಕಡಿಮೆಯನ್ನು ಅಳೆಯಲು ತೊಡಗಿ ಅರ್ಧ ಶತಮಾನ ದಾಟಿದೆ. ಅಳೆಯುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಯಾರನ್ನು ಕೇಳಿ ಅಳೆಯುತ್ತಾರೆ ಎಂಬುದರ ಬಗ್ಗೆ ನನಗೆ ತಕರಾರಿದೆ.

1980ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಡೇವಿಸ್ 28 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಅದರ ದೊಡ್ಡ ಗುಣವೆಂದರೆ, ಈ ಗುಣವನ್ನು ಒಂದೇ ಮುದ್ದೆಯಾಗಿ ನೋಡದೆ ನಾಲ್ಕಾಗಿ ಬಿಡಿಸಿದ್ದು: ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವುದು, ಅವರಿಗಾಗಿ ಮರುಗುವುದು, ಅವರ ಸಂಕಟ ಕಂಡು ತಾವೇ ತತ್ತರಿಸುವುದು, ಕಥೆಯ ಪಾತ್ರಗಳಲ್ಲಿ ಬೆರೆತುಹೋಗುವುದು. ಮರುಗುವುದಕ್ಕೂ ತತ್ತರಿಸುವುದಕ್ಕೂ ಇರುವ ಅಂತರವನ್ನು ನಾವು ಸಾವಿನ ಮನೆಯಲ್ಲಿ ಕಂಡಿದ್ದೇವೆ. ಒಬ್ಬರು ಎದೆ ಬಡಿದುಕೊಂಡು ಅತ್ತು, ಕೊನೆಗೆ ಮನೆಯವರೇ ಅವರನ್ನು ಸಮಾಧಾನಪಡಿಸಬೇಕಾಗುತ್ತದೆ; ಇನ್ನೊಬ್ಬರು, ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ತಿಳಿದು, ಮಾತಿಲ್ಲದೆ ಬುತ್ತಿ ಕಟ್ಟಿಕೊಂಡು ಬಂದು ಮಕ್ಕಳಿಗೆ ಉಣಬಡಿಸುತ್ತಾರೆ. ಇಬ್ಬರಿಗೂ ಒಂದೇ ಅಂಕ ಕೊಡುವ ಅಳತೆ ಯಾವ ಕೆಲಸಕ್ಕೂ ಬಾರದು.

ಆದರೆ ಪಾತ್ರಗಳಲ್ಲಿ ಬೆರೆಯುವುದನ್ನು ಹೆಚ್ಚಾಗಿ ಕಾದಂಬರಿ, ಸಿನಿಮಾಗಳ ಮೂಲಕ ಕೇಳಿದರೆ, ಸಿಂಧನೂರಿನ ಗದ್ದೆಯಲ್ಲಿ ನಾಟಿ ಮಾಡುವ, ಅಕ್ಷರ ಕಲಿಯದ ತಾಯಿಯೊಬ್ಬಳ ಅಂಕ ಸಹಜವಾಗಿಯೇ ಇಳಿಯುತ್ತದೆ. ದೊಡ್ಡಾಟದಲ್ಲಿ ದ್ರೌಪದಿಯ ಪಾಡು ಕಂಡು ಆಕೆ ಬೆಳಗಿನವರೆಗೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಯಾವ ಕಾಲಮ್ಮಿನಲ್ಲಿ ಬರಬೇಕು?

ಇದಕ್ಕಿಂತ ಆಳವಾದ ತೊಡಕು, ಈ ಪ್ರಶ್ನೆಗಳಿಗೆ ಉತ್ತರಿಸುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ ಎಂಬುದು. ಸೈಮನ್ ಬ್ಯಾರನ್-ಕೋಹೆನ್ ಮತ್ತು ಸ್ಯಾಲಿ ವೀಲ್‌ರೈಟ್ 2004ರಲ್ಲಿ ಪ್ರಕಟಿಸಿದ, 80 ಅಂಕಗಳ 'ಎಂಪಥಿ ಕೋಶಂಟ್' ಎಂಬ, ಪರರ ಮನಸ್ಸನ್ನು ಅರಿಯುವ ಗುಣಕ್ಕೆ ಅಂಕ ಹಾಕುವ ಪ್ರಶ್ನಾವಳಿ ಕೂಡ ಇದೇ ಬಗೆಯದು. ಇನ್ನೊಬ್ಬರ ಮನಸ್ಸನ್ನು ನಾನು ಚೆನ್ನಾಗಿ ಅರಿಯುತ್ತೇನೆ ಎಂದುಕೊಳ್ಳುವುದಕ್ಕೂ ನಿಜವಾಗಿ ಅರಿಯುವುದಕ್ಕೂ ಎಷ್ಟು ನಂಟಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪರಿಶೀಲಿಸಿದಾಗ, ಪರೀಕ್ಷೆಗಳಲ್ಲಿ ಜನರ ನಡುವೆ ಕಂಡ ವ್ಯತ್ಯಾಸದ ಸುಮಾರು 1 ಶೇಕಡಾವನ್ನು ಮಾತ್ರ ಈ ಸ್ವಂತ ಹೇಳಿಕೆಗಳು ವಿವರಿಸಬಲ್ಲವಾಗಿದ್ದವು. ಈ ಅಂಕಿಯನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮನೋವಿಜ್ಞಾನಿ ವಿಲಿಯಂ ಇಕ್ಸ್ ಅವರ ವಿಧಾನ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಇಬ್ಬರ ಮಾತುಕತೆಯನ್ನು ಚಿತ್ರೀಕರಿಸಿ, ಆಯಾ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ಅವರಿಂದಲೇ ಬರೆಸಿ, ಅದನ್ನು ಎದುರಿನವರು ಎಷ್ಟು ಸರಿಯಾಗಿ ಊಹಿಸಿದರು ಎಂದು ನೋಡುವ ವಿಧಾನ ಅದು. ಅಲ್ಲಿ ಉತ್ತರದ ಕೀಲಿ ಅನುಭವಿಸಿದವರ ಕೈಯಲ್ಲಿರುತ್ತದೆ. ವೈದ್ಯರ ವಿಷಯದಲ್ಲಿ ಸ್ಟುವರ್ಟ್ ಮರ್ಸರ್ ಮತ್ತು ಸಂಗಡಿಗರ 'ಕೇರ್' ಮಾಪನವೂ ಹಾಗೆಯೇ. ಅದರ 10 ಪ್ರಶ್ನೆಗಳಿಗೆ ಉತ್ತರಿಸುವವರು ರೋಗಿಗಳು.

ಕಳೆದ ಬೇಸಿಗೆಯಲ್ಲಿ ನನ್ನ ಅವ್ವನನ್ನು ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. "ಜೀವಕ್ಕ ಸಮಾಧಾನನ ಇಲ್ಲರೀ ಡಾಕ್ಟ್ರೆ, ಒಳಗ ಕಳವಳ ಆಗ್ತದ" ಎಂದಳು. ವೈದ್ಯರು ನಯವಾಗಿಯೇ ಮಾತನಾಡಿ ಗ್ಯಾಸಿನ ಗುಳಿಗೆ ಬರೆದುಕೊಟ್ಟರು. ಪ್ರಶ್ನಾವಳಿ ಕೊಟ್ಟಿದ್ದರೆ ಅವರು ತಮಗೆ ಒಳ್ಳೆಯ ಅಂಕವನ್ನೇ ಹಾಕಿಕೊಳ್ಳುತ್ತಿದ್ದರು, ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಅವ್ವ ಮಾತ್ರ ಆಟೋದಲ್ಲಿ "ನನ್ನ ಮಾತು ಅವರಿಗೆ ಮುಟ್ಟಲಿಲ್ಲ" ಎಂದಳು. ಗುಳೆ ಹೋದ ನನ್ನ ತಮ್ಮ ಎರಡು ತಿಂಗಳಿಂದ ಫೋನ್ ಮಾಡಿರಲಿಲ್ಲ. ಅವಳ ಕಳವಳ ಅದಾಗಿತ್ತು. ಅದು ನನಗೂ ಹೊಳೆದಿರಲಿಲ್ಲ.

ಆದ್ದರಿಂದ ನಮ್ಮ ಭಾಗದ ಆಸ್ಪತ್ರೆಗಳಲ್ಲಿ ಇಂಥ ಅಳತೆ ನಡೆಯುವುದಾದರೆ, ಪ್ರಶ್ನೆಗಳು ಇಲ್ಲಿಯ ಆಡುಮಾತಿನಲ್ಲಿರಲಿ, ಓದಲು ಬಾರದವರಿಗೆ ಆಸ್ಪತ್ರೆಯ ಸಿಬ್ಬಂದಿಯಲ್ಲದ ಒಬ್ಬರು ಪಕ್ಕದಲ್ಲಿ ಕುಳಿತು ಓದಿ ಹೇಳಲಿ, ಮತ್ತು ಮೊದಲ ಪ್ರಶ್ನೆಯನ್ನು ಅವ್ವನ ಮಾತಿನಲ್ಲೇ ಕೇಳಲಿ: "ನಿಮ್ಮ ಮಾತು ಅವರಿಗೆ ಮುಟ್ಟಿತೇನ್ರೀ?"