ಚೀಲ ತುಂಬುವ ಮುಂಚೆ ಒಂದು ಮಾತು ಕೇಳಿ

ನಮಸ್ಕಾರ. ಇವತ್ತು ಒಂದು ಚೀಲದ ವಿಷಯ ಹೇಳುತ್ತೇನೆ.

ನಮ್ಮ ಗುಂಪು ವಾರಕ್ಕೊಮ್ಮೆ ದಿನಸಿ ಹಂಚುತ್ತದೆ. ಒಂದು ಸಂಜೆ ಒಬ್ಬ ಹಿರಿಯರು ಬಂದರು. ಚೀಲ ಕೊಟ್ಟೆ. ಅವರು ಅಲ್ಲೇ ಮೇಜಿನ ಮೂಲೆಯಲ್ಲಿ ಅದನ್ನು ಬಿಚ್ಚಿ, ಬೇಯಿಸಬೇಕಾದ ಪೊಟ್ಟಣಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟರು. "ಇವನ್ನು ಬೇರೆ ಯಾರಿಗಾದರೂ ಕೊಡಪ್ಪ. ನನ್ನ ಕೋಣೆಯಲ್ಲಿ ಒಲೆ ಇಲ್ಲ" ಎಂದರು. ಚೀಲದಲ್ಲಿ ಉಳಿದದ್ದು ಒಂದು ಬಿಸ್ಕತ್ ಪೊಟ್ಟಣ, ಒಂದು ಸೋಪು. ಅದನ್ನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಎಷ್ಟೋ ವಾರಗಳಿಂದ ಅವರಿಗೆ ಅದೇ ಚೀಲ ಕೊಡುತ್ತಿದ್ದೆವು. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನೋಡಿ, ಫುಡ್ ಬ್ಯಾಂಕ್, ಅಂದರೆ ದಾನ ಬಂದ ಆಹಾರವನ್ನು ಕೂಡಿಟ್ಟು ಬೇಕಾದವರಿಗೆ ತಲುಪಿಸುವ ಜಾಗ, ಅನ್ನುವ ಯೋಚನೆ ಬಂದದ್ದೇ ಹಸಿದವರ ಬಾಯಿಂದ. ಅಮೆರಿಕದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬುವರು ಬಡವರಿಗೆ ಊಟ ಹಾಕುವ ಕಡೆ ಕೆಲಸ ಮಾಡುತ್ತಿದ್ದರು. ಅಂಗಡಿಗಳ ಹಿಂದಿನ ಕಸದ ತೊಟ್ಟಿಯಿಂದ ಆಯ್ದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ, ಹಣ ಇಡಲು ಬ್ಯಾಂಕ್ ಇರುವ ಹಾಗೆ ಆಹಾರಕ್ಕೂ ಒಂದು ಜಾಗ ಇರಬೇಕು ಎಂದು ಅವರಿಗೆ ಹೇಳಿದರಂತೆ. 1967ರಲ್ಲಿ ಅಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಯೋಚನೆ ಕೊಟ್ಟ ಆ ತಾಯಿಯನ್ನು ಮಾತ್ರ ನಾವು ಮರೆತೆವು. ಕೊಡುವವರಿಗೇ ಎಲ್ಲ ಗೊತ್ತು ಎಂದುಕೊಂಡೆವು.

ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. ಅಮೆರಿಕದ ಫುಡ್ ಬ್ಯಾಂಕ್‌ಗಳ ಒಕ್ಕೂಟದಲ್ಲಿ ಯಾರಿಗೆ ಏನು ಎಂದು ಮೊದಲು ಕೇಂದ್ರ ಕಚೇರಿಯೇ ನಿರ್ಧರಿಸುತ್ತಿತ್ತು. ಆಲೂಗಡ್ಡೆ ಬೆಳೆಯುವ ಊರಿಗೇ ಆಲೂಗಡ್ಡೆ ಹೋಗುತ್ತಿತ್ತು! 2005ರಲ್ಲಿ ಪದ್ಧತಿ ಬದಲಾಯಿತು. ಪ್ರತಿ ಫುಡ್ ಬ್ಯಾಂಕಿಗೂ "ಪಾಲು" ಎಂಬ ಹೆಸರಿನ ಒಂದಿಷ್ಟು ಅಂಕ ಕೊಟ್ಟರು. ಅದನ್ನೇ ದುಡ್ಡಿನಂತೆ ಬಳಸಿ ಹರಾಜಿನಲ್ಲಿ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಸಂಸ್ಥೆಗೇ ಆಯ್ಕೆ ಬೇಕು ಅಂದಮೇಲೆ ಮನುಷ್ಯನಿಗೆ ಬೇಡವಾ?

ಇನ್ನು, ಮಿಕ್ಕಿದ್ದನ್ನೆಲ್ಲ ಹಂಚಿದರೆ ಹಸಿವೇ ಇರಲ್ಲ ಎನ್ನುವವರಿದ್ದಾರೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಅದರಲ್ಲಿ ಸುಮಾರು ಶೇಕಡಾ 60 ಪೋಲಾದದ್ದು ಮನೆಗಳಲ್ಲೇ. ನಿಮ್ಮ ತಟ್ಟೆಯಲ್ಲಿ ಉಳಿದದ್ದನ್ನು ನಾನು ಯಾರಿಗೆ ಕೊಡಲಿ? ಹಸಿದವರಲ್ಲಿ ಎಷ್ಟೋ ಜನರಿಗೆ ಕೊರತೆ ಆಹಾರದ್ದಲ್ಲ, ಕೊಳ್ಳುವ ದುಡ್ಡಿನದು. ಬಾಡಿಗೆ, ಔಷಧಿ, ಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದರಲ್ಲಿ ಅಡುಗೆಮನೆ ನಡೆಯಬೇಕು. ಹಾಗಾಗಿ ನಮ್ಮಂಥ ಗುಂಪಿಗೆ ಹಳೇ ಡಬ್ಬಗಳಿಗಿಂತ ಸ್ವಲ್ಪ ನಗದು ಕೊಟ್ಟರೆ ಜಾಸ್ತಿ ಉಪಯೋಗ. ಮಗುವಿನ ಹಾಲಿನ ಪುಡಿ ಬೇಕೆಂದರೆ ಅದನ್ನೇ ತರಬಹುದು.

ಚೀಲ ಕೊಡುವಾಗ ತೆಗೆಯುವ ಫೋಟೋ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಒಂದು ಚೀಲಕ್ಕೆ ನಾಲ್ಕು ಕೈ, ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾರೆ. ತೆಗೆದುಕೊಳ್ಳುವವರು ಮಾತ್ರ ನೆಲ ನೋಡುತ್ತಾರೆ. ದಾನಿಗಳಿಗೆ ಲೆಕ್ಕ ತೋರಿಸಬೇಕು, ಒಪ್ಪುತ್ತೇನೆ. ರಸೀದಿ ತೋರಿಸಿ, ತುಂಬಿದ ಕಪಾಟು ತೋರಿಸಿ. ಮುಖ ಯಾಕೆ? ಆ ಫೋಟೋ ನಾಳೆ ಅವರ ಮಗಳ ಕ್ಲಾಸಿನ ಮಕ್ಕಳ ಮೊಬೈಲಿಗೂ ಹೋಗುತ್ತದೆ, ಅಲ್ವಾ?

ಈಗ ನಾವು ಚೀಲ ಕಟ್ಟಿಡುವುದನ್ನು ನಿಲ್ಲಿಸಿದ್ದೇವೆ. ಸಾಮಾನುಗಳನ್ನು ಕಪಾಟಿನಲ್ಲಿ ಜೋಡಿಸುತ್ತೇವೆ, ಬಂದವರು ಬೇಕಾದದ್ದನ್ನು ತೆಗೆದುಕೊಳ್ಳುತ್ತಾರೆ. ಮೊದಮೊದಲು ಒಬ್ಬರೇ ಎಲ್ಲ ಬಾಚಿಕೊಂಡು ಹೋಗುತ್ತಾರೆ ಎಂಬ ಹೆದರಿಕೆ ಇತ್ತು. ಹಾಗೆ ಆಗಲಿಲ್ಲ. ಕಷ್ಟ ಬಂದದ್ದು ಜೋಡಿಸುವ ಕೆಲಸದಲ್ಲಿ. ಅದಕ್ಕೆ ಕೈ ಸಾಲಲಿಲ್ಲ.

ಆ ಹಿರಿಯರು ಈಗ ಅರ್ಧ ಗಂಟೆ ಮುಂಚೆಯೇ ಬರುತ್ತಾರೆ. ಡಬ್ಬಗಳನ್ನು ಅವರೇ ಜೋಡಿಸುತ್ತಾರೆ. ಹೋದ ವಾರ ಒಬ್ಬ ಹುಡುಗ ಎರಡು ಡಬ್ಬ ಎತ್ತಿಕೊಂಡಾಗ, "ತೆರೆಯೋಕೆ ಓಪನರ್ ಇದೆಯೇನಪ್ಪಾ?" ಎಂದು ಕೇಳಿದ್ದು ಅವರೇ.