ಅವರು ಕೊಳ್ಳೋದು ಒಂದು ತಾರೀಖು

ನಮಸ್ಕಾರ. ಚಿಕಿತ್ಸೆಗೆ ಅಂತ ಹೊರದೇಶಕ್ಕೆ ಹೋಗೋದನ್ನ ‘ಮೆಡಿಕಲ್ ಟೂರಿಸಂ’ ಅಂತಾರಲ್ಲ, ಆ ಪದ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಮಂಡಿ ಸವೆದು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲನ್ನ ಅಡ್ಡಡ್ಡ ಇಳಿಯೋ ಮನುಷ್ಯ ವಿಮಾನ ಹತ್ತಿದ ತಕ್ಷಣ ಪ್ರವಾಸಿ ಆಗಿಬಿಡ್ತಾನಾ?

ಜನ ಯಾಕೆ ಹೊರದೇಶಕ್ಕೆ ಹೋಗ್ತಾರೆ ಅಂತ ಕೇಳಿ. ಅಗ್ಗ, ಒಳ್ಳೇ ಡಾಕ್ಟರು, ಇವೆರಡೇ ಉತ್ತರ. ಸುಳ್ಳೇನಲ್ಲ. ಆದರೆ ನನ್ನ ಲೆಕ್ಕದಲ್ಲಿ ಬಹಳಷ್ಟು ಜನ ದುಡ್ಡು ಕೊಟ್ಟು ಕೊಳ್ಳೋದು ಒಂದು ತಾರೀಖನ್ನ. ತಮ್ಮ ದೇಶದಲ್ಲಿ ‘ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಕರೀತೀವಿ’ ಅಂತಾರೆ. ಅಲ್ಲಿ ‘ಮಂಗಳವಾರ ಬೆಳಗ್ಗೆ ಆಪರೇಷನ್, ಒಟ್ಟು ಇಷ್ಟು ಖರ್ಚು’ ಅಂತ ಒಂದೇ ಹಾಳೇಲಿ ಬರೆದುಕೊಡ್ತಾರೆ. ನೋವು ತಿನ್ನೋರಿಗೆ ಆ ಹಾಳೆಯೇ ಅರ್ಧ ಔಷಧಿ.

ಬ್ರಿಟನ್ನಿನ ಒಬ್ಬ ಹೆಂಗಸಿನ ಕಥೆ ಕೇಳಿ. ಸೊಂಟದ ಕೀಲು ಬದಲಿಸಬೇಕು, ಸರ್ಕಾರಿ ವ್ಯವಸ್ಥೆ ಸುಮಾರು ಒಂದು ವರ್ಷ ಕಾಯಿರಿ ಅಂತು. ಆಮೇಲೆ ಅದು ಮೂರ್ನಾಲ್ಕು ತಿಂಗಳಿಗೆ ಇಳೀತು. ಆಕೆಗೆ ಅದೂ ತಡೀಲಿಲ್ಲ. 2003ರಲ್ಲಿ ಫ್ರಾನ್ಸಿಗೆ ಹೋಗಿ, ಕೈಯಿಂದ ದುಡ್ಡು ಹಾಕಿ ಆಪರೇಷನ್ ಮಾಡಿಸಿಕೊಂಡು ಬಂದರು, ಖರ್ಚು ಕೊಡಿ ಅಂತ ಕೇಸೂ ಹಾಕಿದರು. ಬ್ರಿಟನ್ ಆಗ ಐರೋಪ್ಯ ಒಕ್ಕೂಟದಲ್ಲಿತ್ತು. 2006ರಲ್ಲಿ ಆ ಒಕ್ಕೂಟದ ನ್ಯಾಯಾಲಯ ಹೇಳಿದ್ದಿಷ್ಟು: ಪಟ್ಟಿ ಉದ್ದ ಇದೆ ಅನ್ನೋದೊಂದೇ ಕಾರಣಕ್ಕೆ, ಸರ್ಕಾರಿ ಖರ್ಚಿನಲ್ಲಿ ಹೊರದೇಶದಲ್ಲಿ ಚಿಕಿತ್ಸೆ ಪಡೆಯೋ ಅನುಮತಿ ನಿರಾಕರಿಸೋ ಹಾಗಿಲ್ಲ, ಈ ರೋಗಿಯ ಸ್ಥಿತಿಗೆ ಎಷ್ಟು ಕಾಯಬಹುದು ಅಂತ ನೋಡಬೇಕು. ಪಟ್ಟಿಗೆ ನೋವು ಗೊತ್ತಾಗಲ್ಲ ಅಲ್ವಾ?

ಇನ್ನು ಕೆಲವರನ್ನ ಕಾನೂನೇ ಗಡಿ ದಾಟಿಸುತ್ತೆ. ಐರ್ಲೆಂಡಿನಲ್ಲಿ ಗರ್ಭಪಾತದ ನಿಷೇಧ ತೆಗೆಯೋಕೆ ಒಪ್ಪಿದ 2018ರ ಜನಮತಕ್ಕೆ ಮುಂಚೆ, ಗರ್ಭಪಾತ ಬೇಕಾದ ಹೆಂಗಸರು ಇಂಗ್ಲೆಂಡಿಗೆ ಹೋಗಿ ಸದ್ದಿಲ್ಲದೆ ಬರ್ತಿದ್ದರು. ಹಲ್ಲಿನದು ಬರೀ ದುಡ್ಡಿನ ವ್ಯವಹಾರ. ಅಮೆರಿಕದ ಗಡಿಗೆ ಅಂಟಿಕೊಂಡಿರೋ ಮೆಕ್ಸಿಕೋದ ಲಾಸ್ ಆಲ್ಗೊಡೋನೆಸ್ ಅನ್ನೋ ಪುಟ್ಟ ಊರಲ್ಲಿ ಎಲ್ಲಿ ನೋಡಿದರೂ ದಂತವೈದ್ಯರೇ. ಇನ್ಷೂರೆನ್ಸ್ ಹಲ್ಲಿಗೆ ಕೈಕೊಟ್ಟ ಅಮೆರಿಕನ್ನರು ನಡೆದುಕೊಂಡೇ ಗಡಿ ದಾಟ್ತಾರೆ.

ಹಾಗಂತ ಎಲ್ಲರೂ ಹೊರಡಿ ಅಂತ ನಾನು ಹೇಳ್ತಿಲ್ಲ. 2023ರಲ್ಲಿ ಅದೇ ಮೆಕ್ಸಿಕೋದ ಮಾತಾಮೊರೊಸ್‌ನಲ್ಲಿ ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡು ಸೌಂದರ್ಯ ಚಿಕಿತ್ಸೆ ಮಾಡಿಸಿಕೊಂಡವರಿಗೆ ಮಿದುಳುಪೊರೆಯ ಫಂಗಸ್ ಸೋಂಕು ತಗುಲಿತು. ಕೆಲವರು ಸತ್ತೇಹೋದರು. ಸೋಂಕು ತಲೆ ಎತ್ತೋ ಹೊತ್ತಿಗೆ ಎಷ್ಟೋ ರೋಗಿಗಳು ಅಮೆರಿಕಕ್ಕೆ ವಾಪಸಾಗಿದ್ದರು. ಅವರನ್ನ ಒಬ್ಬೊಬ್ಬರನ್ನಾಗಿ ಹುಡುಕಬೇಕಾಯ್ತು.

ಆ ಒಂದೇ ಹಾಳೇಲಿ ಬರೆಯದೇ ಇರೋದು ಇದನ್ನೇ, ವಾಪಸ್ ಬಂದಮೇಲಿನ ದಿನಗಳನ್ನ. ಹನ್ನೆರಡನೇ ದಿನ ಅಂತಿಟ್ಟುಕೊಳ್ಳಿ, ಹೊಲಿಗೆ ಸುತ್ತ ಕೆಂಪಾಗುತ್ತೆ, ಮಂಡಿ ಬಿಸಿಯಾಗುತ್ತೆ. ಮನೆ ಹತ್ತಿರದ ಡಾಕ್ಟರು ಡಿಸ್‌ಚಾರ್ಜ್ ಪತ್ರ ತಿರುಗಿಸಿ ನೋಡ್ತಾರೆ, ಅದು ಅವರಿಗೆ ಬಾರದ ಭಾಷೆಯಲ್ಲಿದೆ. ‘ಯಾವ ಕಂಪನಿ ಇಂಪ್ಲಾಂಟ್, ಅಂದ್ರೆ ಕೃತಕ ಕೀಲು, ಹಾಕಿದ್ದಾರೆ?’ ಅಂತಾರೆ. ರೋಗಿ ಮೊಬೈಲಿನಲ್ಲಿ ಫೋಟೋ ಹುಡುಕ್ತಾ ಕೂರ್ತಾರೆ. ಸಿಗೋದು ಆಸ್ಪತ್ರೆ ಲಾಬಿಯ ಸೆಲ್ಫಿ.

ಅಂದಹಾಗೆ, ಇಂಪ್ಲಾಂಟ್ ಡಬ್ಬಿಯಲ್ಲಿ ಕಂಪನಿ ಹೆಸರು, ಅಳತೆ, ಯಾವ ತಯಾರಿಕೆ ಗುಂಪಿನದು ಅನ್ನೋ ಲಾಟ್ ನಂಬರ್ ಇರೋ ಚಿಕ್ಕ ಸ್ಟಿಕ್ಕರ್‌ಗಳಿರ್ತವೆ. ಆಸ್ಪತ್ರೆಯವರು ಒಂದನ್ನ ತಮ್ಮ ಫೈಲಿಗೆ ಅಂಟಿಸಿಕೊಳ್ತಾರೆ. ಇನ್ನೊಂದನ್ನ ಕೇಳಿ ತಗೊಂಡು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ.